ಹಂಚು ಇರಲಿ, ಮೂರನೇ ಕುಕ್ಕರ್ ಹೋಗಲಿ

ಮಹಾನವಮಿ ಹತ್ತಿರ ಬಂತೆಂದರೆ ಇಂಡಿ ತಾಲ್ಲೂಕಿನ ನಮ್ಮ ಲಚ್ಯಾಣದ ಮನೆಗಳಲ್ಲಿ ಅಡುಗೆಮನೆಯೇ ಪಡಸಾಲೆಗೆ ಬಂದು ಕೂರುತ್ತದೆ. ಅಟ್ಟದ ಮೇಲಿನ ಹಿತ್ತಾಳೆ ಕೊಡ, ಮದುವೆಯ ಆಹೇರಿಯಲ್ಲಿ ಬಂದ ಸ್ಟೀಲ್ ಬೋಗಾಣಿ, ಸೊಲ್ಲಾಪುರಕ್ಕೆ ರೈಲಿನಲ್ಲಿ ಹೋಗಿ ತಂದ ಕುಕ್ಕರ್, ಹಳೆ ಸೀರೆ ಕೊಟ್ಟು ಬಾಂಡೆ ಮಾರುವವರಿಂದ ತೆಗೆದುಕೊಂಡ ಟಬ್ಬು. ಎಲ್ಲವನ್ನೂ ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಅಷ್ಟನ್ನೂ ಒಳಗೆ ಸಾಗಿಸುತ್ತೇವೆ. ಒಂದು ಸೌಟು ಕೂಡ ಮನೆ ಬಿಟ್ಟು ಹೋಗುವುದಿಲ್ಲ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಲು ನಾವು ನೆಚ್ಚಿಕೊಂಡ ಮಾತುಗಳಲ್ಲಿ ಅರ್ಧದಷ್ಟು ನಿಜವಲ್ಲ.

‘ವರ್ಷದಿಂದ ಮುಟ್ಟದೇ ಇದ್ದದ್ದನ್ನು ಮೋಡಕಾಕ್ಕೆ (ಗುಜರಿಗೆ) ಹಾಕಿ’ ಎಂಬುದು ಈಗ ಎಲ್ಲೆಡೆ ಕೇಳುವ ಸಲಹೆ. ಪಟ್ಟಣದ ಫ್ಲಾಟಿಗೆ ಅದು ಸರಿಹೋಗಬಹುದು. ನಮ್ಮ ಅಡುಗೆ ನಡೆಯುವುದು ಹಬ್ಬ ಮತ್ತು ಹಂಗಾಮಿನ ಮೇಲೆ. ಶ್ಯಾವಿಗೆ ಮಣೆ ಬೇಸಿಗೆಯ ಕೆಲವು ದಿನ ಮಾತ್ರ ಇಳಿಯುತ್ತದೆ. ಪಂಚಮಿಗೆ ಅಳ್ಳು ಹುರಿಯುವ ಪಾತ್ರೆ ಬೇಕು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೊರಟಾಗ ರೊಟ್ಟಿ, ಕಡಬು ತುಂಬಿದ ದೊಡ್ಡ ಬುಟ್ಟಿಯ ಜಾಗಕ್ಕೆ ಬೇರೇನೂ ಬರುವುದಿಲ್ಲ. ಎಷ್ಟು ಸಲ ಬಳಸಿದೆ ಎಂದು ಎಣಿಸಬೇಡಿ. ಇದಿಲ್ಲದಿದ್ದರೆ ಇದರ ಕೆಲಸವನ್ನು ಇನ್ನಾವುದು ಮಾಡುತ್ತದೆ ಎಂದು ಕೇಳಿ. ಆಗ ಶ್ಯಾವಿಗೆ ಮಣೆ ಉಳಿಯುತ್ತದೆ, ದಿನವೂ ಕೈಗೆ ತಾಗುವ ಏಳು ಸೌಟುಗಳಲ್ಲಿ ನಾಲ್ಕು ಹೋಗುತ್ತವೆ.

ಇನ್ನೊಂದು ಮಾತು ನನಗೆ ನೋವು ಕೊಡುವಂಥದ್ದು: ‘ಹಳೆ ಹೆಂಗಸರಿಗೆ ಬಾಂಡೆಯ ಆಸೆ ಬಿಡುವುದಿಲ್ಲ.’ ಅದು ಆಸೆಯಲ್ಲ, ಬರದ ನೆನಪು. 1876ರಿಂದ 78ರವರೆಗಿನ ಕ್ಷಾಮ ಈ ಸೀಮೆಯನ್ನು, ಅಂದರೆ ಆಗಿನ ಕಲಾದಗಿ ಜಿಲ್ಲೆಯನ್ನು, ಹಿಂಡಿ ಹಾಕಿತ್ತು. 1972ರ ಬರ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಳೆ ಕೈಕೊಟ್ಟಾಗ ಒತ್ತೆ ಇಟ್ಟು ಜೋಳ ತರಲು ಹೆಂಗಸಿನ ಕೈಯಲ್ಲಿ ಇದ್ದದ್ದು ಹಿತ್ತಾಳೆ, ತಾಮ್ರ. ಆ ಕೊಡ ನೀರಿನ ಪಾತ್ರೆಯಷ್ಟೇ ಅಲ್ಲ, ಬ್ಯಾಂಕಿನ ಪಾಸ್‌ಬುಕ್ಕೂ ಆಗಿತ್ತು. ಇವತ್ತು ಅದೇ ಹಣವನ್ನು ಖಾತೆಯಲ್ಲಿ ಇಡಬಹುದು. ಆದರೂ ಅತ್ತೆಯ ಕೊಡವನ್ನು ಅವರನ್ನು ಕೇಳದೆ ತೂಕಕ್ಕೆ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಹಾಗೆಂದು ‘ತಾಮ್ರ-ಹಿತ್ತಾಳೆ ಎಲ್ಲದಕ್ಕೂ ಶ್ರೇಷ್ಠ’ ಎಂಬ ಈಚಿನ ಹುಚ್ಚನ್ನೂ ಒಪ್ಪಲಾಗದು. ನೀರಿಗೆ ತಾಮ್ರ ಒಳ್ಳೆಯದೇ. ಕಾಲರಾ, ಟೈಫಾಯ್ಡ್ ತರುವಂಥ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟಾಗ ಅವು ಉಳಿಯಲಿಲ್ಲ ಎಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಹುಳಿಯ ವಿಷಯ ಬೇರೆ. ನಮ್ಮದು ಲಿಂಬೆಯ ತಾಲ್ಲೂಕು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಲಿಂಬೆ ರಸ, ಹುಣಸೆ, ಮಜ್ಜಿಗೆ ತಾಮ್ರವನ್ನು ಕರಗಿಸುತ್ತವೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತುವೂ ಇದೆ, ಅದೂ ಬಿಡುತ್ತದೆ. ಹೊಟ್ಟೆ ತೊಳಸಿ ವಾಂತಿಯಾಗಲು ಅಷ್ಟು ಸಾಕು. ಹಿರಿಯರು ಕಲಾಯಿ ಮಾಡಿಸುತ್ತಿದ್ದದ್ದು ಇದಕ್ಕೇ: ಒಳಗಿನ ತವರದ ಪದರ ಹುಳಿಯನ್ನು ತಡೆಯುತ್ತದೆ. ತವರ 232 ಡಿಗ್ರಿಗೆ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಖಾಲಿ ಒಲೆಯ ಮೇಲೆ ಕಾಯಲು ಬಿಡಬಾರದು. ಕಲಾಯಿಯವನು ಓಣಿಗೆ ಬರುವುದು ನಿಂತಿದ್ದರೆ ಆ ಪಾತ್ರೆ ನೀರಿಗೆ, ಕಾಳಿಗೆ ಇರಲಿ. ಸಾರು ಬೇಡ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಅಥವಾ ಗಾಜಿನ ಭರಣಿಯೇ ಸೈ. ಇವನ್ನು ಯಾವ ಕಾರಣಕ್ಕೂ ಕೊಟ್ಟುಬಿಡಬೇಡಿ.

‘ಕಬ್ಬಿಣದ ಹಂಚಿಗೆ ತುಕ್ಕು ಹಿಡಿಯಿತು, ಇನ್ನು ನಾನ್‌ಸ್ಟಿಕ್ ತರೋಣ.’ ಇದರಷ್ಟು ನಷ್ಟದ ತೀರ್ಮಾನ ರೊಟ್ಟಿಯ ಮನೆಯಲ್ಲಿ ಮತ್ತೊಂದಿಲ್ಲ. ತುಕ್ಕು ಉಜ್ಜಿದರೆ ಹೋಗುತ್ತದೆ. ಎಣ್ಣೆ ಸವರಿ ಕಾಯಿಸಿದರೆ ಹಂಚು ಮತ್ತೆ ಕರ್ರಗೆ ಮಿರಮಿರನೆ ಆಗುತ್ತದೆ. ಜೋಳದ ರೊಟ್ಟಿಗೆ ಹಂಚು ಎಣ್ಣೆಯಿಲ್ಲದೆ, ಬರಿದಾಗಿ, ಜೋರು ಉರಿಯಲ್ಲಿ ಕಾಯಬೇಕು. ಮೇಲೆ ನೀರು ಸವರಿದ ರೊಟ್ಟಿ ಉಬ್ಬುವುದು ಆ ಕಾವಿಗೇ. ನಾನ್‌ಸ್ಟಿಕ್ ಲೇಪಕ್ಕೆ ಆಗದಿರುವುದೂ ಅದೇ ಕಾವು. ಸುಮಾರು 260 ಡಿಗ್ರಿ ದಾಟಿದ ಮೇಲೆ ಲೇಪ ಕೆಡತೊಡಗುತ್ತದೆ, ಇನ್ನೂ ಕಾದರೆ ಬರುವ ಹೊಗೆ ಉಸಿರಿಗೆ ಒಳ್ಳೆಯದಲ್ಲ. ಕರೆಂಟಿನ ಚಪಾತಿ ಮೇಕರ್ ತಂದವರೂ ಪಶ್ಚಾತ್ತಾಪ ಪಡುತ್ತಾರೆ. ಅದು ಗೋಧಿ ಹಿಟ್ಟಿನ ಜಿಗುಟನ್ನು ನಂಬಿ ಮಾಡಿದ ಯಂತ್ರ. ಜೋಳದಲ್ಲಿ ಆ ಗ್ಲೂಟನ್ ಇಲ್ಲ. ಕುದಿವ ಎಸರು ಬಿದ್ದಾಗ ಪಿಷ್ಟ ಬೆಂದು ಅಂಟು ಬರುತ್ತದೆ, ಆಮೇಲೆ ಅಂಗೈಯೇ ಬೇಕು. ಹಂಚು, ಪರಾತ, ರೊಟ್ಟಿ ಬುಟ್ಟಿ ಇಷ್ಟಿದ್ದರೆ ಆಯಿತು.

ಅಲ್ಯುಮಿನಿಯಂ ಪಾತ್ರೆಯಿಂದ ಮರೆವಿನ ರೋಗ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಹುಳಿ, ಉಪ್ಪಿನ ಪದಾರ್ಥ ಅದರಲ್ಲಿ ಇಡದಿದ್ದರೆ ಸಾಕು. ಕಟ್ಟಿಗೆಯ ಮಣೆ ಕೊಳಕು, ಪ್ಲಾಸ್ಟಿಕ್ ಶುದ್ಧ ಎಂಬುದೂ ಪೂರ್ತಿ ನಿಜವಲ್ಲ. ಚಾಕುವಿನ ಗೀರು ಬಿದ್ದ ಪ್ಲಾಸ್ಟಿಕ್ಕಿನಲ್ಲಿ ಕ್ರಿಮಿಗಳು ಹೆಚ್ಚು ಉಳಿಯುತ್ತವೆ ಎಂದು ಅಮೆರಿಕದ ಡೀನ್ ಕ್ಲೈವರ್ 1990ರ ದಶಕದಲ್ಲಿ ತೋರಿಸಿದರು. ಬಿರುಕು ಬಿಟ್ಟಿದ್ದರೆ ಮಾತ್ರ ಕಟ್ಟಿಗೆಯದನ್ನು ತೆಗೆಯಿರಿ. ‘ಸೀಟಿ ಹೊಡೆಯುವವರೆಗೆ ಕುಕ್ಕರ್ ಗಟ್ಟಿ’ ಎಂಬ ನಂಬಿಕೆ ಮಾತ್ರ ಜೀವಕ್ಕೇ ಅಪಾಯ. ಸೀಟಿಯ ದಾರಿ ಕಟ್ಟಿದಾಗ ಕಾಯುವುದು ಸೇಫ್ಟಿ ವಾಲ್ವ್. ಅದು ಹಳತಾಗಿದ್ದರೆ, ಆ ಕಂಪನಿಯ ಬಿಡಿಭಾಗ ಈಗ ಸಿಗದಿದ್ದರೆ, ತಳ ಉಬ್ಬಿದ್ದರೆ, ಆ ಕುಕ್ಕರನ್ನು ಯಾರಿಗೂ ದಾನ ಮಾಡಬೇಡಿ. ನೇರ ಮೋಡಕಾಕ್ಕೆ ಹಾಕಿ.

ಉಳಿದದ್ದು ಹೆಸರು ಕೊರೆದ ಸ್ಟೀಲ್ ಬಾಂಡೆ. ‘ಹೆಸರು ಹಾಕಿದ್ದನ್ನು ಹೊರಗೆ ಕೊಡಬಾರದು’ ಅನ್ನುತ್ತಾರೆ. ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದದ್ದು ಹತ್ತು ಮನೆಯ ಬಾಂಡೆ ಒಂದೇ ಪಂಕ್ತಿಯಲ್ಲಿ ಬೆರೆತಾಗ ಗುರುತು ಸಿಗಲಿ ಎಂದು. ಕೊಡಬಾರದೆಂಬ ಕಟ್ಟಳೆ ಅದರಲ್ಲಿ ಇಲ್ಲ. ಬೇಸಿಗೆಗೆ ನಮ್ಮೂರ ಸಿದ್ಧಲಿಂಗ ಮಹಾರಾಜರ ಜಾತ್ರೆ ಬರುತ್ತದೆ, ಓಣಿಯ ಯಾವ ಮನೆಯಲ್ಲಿ ನೋಡಿದರೂ ಬೀಗರು ತುಂಬಿರುತ್ತಾರೆ. ಆಗ ನಾಲ್ಕು ಮನೆ ಸೇರಿ ಒಂದೇ ಕಡೆ ಹದಿನೈದು ತಾಟು, ಎರಡು ದೊಡ್ಡ ಬೋಗಾಣಿ ಇಟ್ಟುಕೊಂಡರೆ ನಾಲ್ಕೂ ಅಟ್ಟ ಖಾಲಿಯಾಗುತ್ತವೆ. ಅಜ್ಜಿಯ ಹೆಸರಿರುವ ಒಂದು ಚರಗಿಯನ್ನು ಮಾತ್ರ ಮೊಮ್ಮಗಳಿಗೆ ಕೊಡಿ, ಅವಳು ದಿನವೂ ಅದರಲ್ಲಿ ನೀರು ಕುಡಿಯಲಿ.