ನವರಸಪುರ: ಮಹಲು ಉಳಿಯಿತು, ಊರು ಎಲ್ಲಿ ಹೋಯಿತು?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಟಿಕೋಟಾ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ತೊರವಿ. ಅಲ್ಲಿ ಹೊಲಗಳ ನಡುವೆ ಚಾವಣಿ ಕಳೆದುಕೊಂಡ ಕಟ್ಟಡವೊಂದಿದೆ. ನಡುವೆ ಭಾರಿ ಅಗಲದ ಕಮಾನು, ಅದರ ಎರಡೂ ಮಗ್ಗುಲಿಗೆ ನೀಳವಾದ ಕಿರುಗಮಾನು. ನಗರದ ಗಗನ ಮಹಲಿನದೇ ಪಡಿಯಚ್ಚು. ಇದು ಸಂಗೀತ ಮಹಲ್. ಸನಿಹದಲ್ಲೇ ನಾರಿ ಮಹಲ್. ನವರಸಪುರವೆಂಬ ಪಟ್ಟಣದಿಂದ ಎದ್ದು ಕಾಣುವಂತೆ ಉಳಿದದ್ದು ಇಷ್ಟೇ.

1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನಿಗೆ ಸಂಗೀತದ ಹುಚ್ಚು. ಜನ ಅವನನ್ನು ಜಗದ್ಗುರು ಬಾದಶಹಾ ಎಂದರು. ದಖನಿಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನವರಸ್’ ಹಾಡುಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ಆ ನವರಸದ ಹೆಸರಲ್ಲೇ 1599ರಲ್ಲಿ ಹೊಸ ಪಟ್ಟಣಕ್ಕೆ ಕೈಹಾಕಿದ. ತೊರವಿ ಬರಡು ಜಾಗವಲ್ಲ. ಇಲ್ಲಿನ ನರಸಿಂಹನ ಸನ್ನಿಧಿಯಲ್ಲಿ ಕುಮಾರ ವಾಲ್ಮೀಕಿ ‘ತೊರವೆ ರಾಮಾಯಣ’ ಬರೆದಿದ್ದ. ವಿಜಯಪುರಕ್ಕೆ ಸುರಂಗದೊಳಗೆ ನೀರು ಹರಿದದ್ದೂ ಈ ಕಡೆಯಿಂದಲೇ.

ಅರಮನೆ ಎದ್ದಿತು, ಕೋಟೆಗೋಡೆ ಮಾತ್ರ ಅರೆಬರೆ ಉಳಿಯಿತು. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ನವರಸಪುರವನ್ನು ಸೂರೆಗೈದ. ಪಟ್ಟಣ ಮತ್ತೆ ಮೇಲೇಳಲಿಲ್ಲ. 1916ರಲ್ಲಿ ವಿಜಯಪುರದ ಸ್ಮಾರಕಗಳ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್ ಕೂಡ ಇಲ್ಲಿ ಕಂಡದ್ದು ಹಾಳು ಗೋಡೆಗಳನ್ನೇ.

ಇಂಗ್ಲೆಂಡಿನ ರೆಂಡಲ್‌ಶಮ್ ಎಂಬ ಹಳ್ಳಿಯ ಕಥೆ ನವರಸಪುರದ್ದಕ್ಕೆ ತಿರುಗುಮುರುಗು. ಅಲ್ಲಿ ರಾಜರ ನೆಲೆಯಿತ್ತೆಂದು 8ನೇ ಶತಮಾನದಲ್ಲೇ ಬೀಡ್ ಎಂಬ ಸನ್ಯಾಸಿ ಬರೆದಿದ್ದ. ನೆಲದ ಮೇಲೆ ಗುರುತೇ ಇರಲಿಲ್ಲ. ಕಳ್ಳರು ರಾತ್ರಿ ಹೊಲ ಕೆದಕುತ್ತಿದ್ದಾರೆಂದು ಜಮೀನಿನ ಮಾಲೀಕರು ದೂರಿದ ಮೇಲೆ, 2008ರಿಂದ ಹವ್ಯಾಸಿಗಳು ಉತ್ತ ಮಣ್ಣನ್ನು ವರ್ಷಗಟ್ಟಲೆ ಶೋಧಿಸಿ ಸಿಕ್ಕಿದ್ದನ್ನೆಲ್ಲ ನಕ್ಷೆಗೆ ಏರಿಸಿದರು. 2022ರಲ್ಲಿ ಸ್ಥಳೀಯ ಸ್ವಯಂಸೇವಕರೂ ಸೇರಿ ಅಗೆದಾಗ 23 ಮೀಟರ್ ಉದ್ದ, 10 ಮೀಟರ್ ಅಗಲದ ರಾಜಮಂದಿರದ ತಳಪಾಯ ಸಿಕ್ಕಿತು.

ನಮ್ಮಲ್ಲಿ ಅರಮನೆ ಕಣ್ಣೆದುರೇ ಇದೆ. ಕಾಣೆಯಾದದ್ದು ಅದರ ಸುತ್ತ ಬದುಕಿದವರ ಊರು: ಗಾಯಕರ ಓಣಿ, ಕಲ್ಲುಕುಟಿಗರ ಬಿಡಾರ, ಪೇಟೆ. ಅದನ್ನು ಹುಡುಕಲು ಮೊದಲು ಬೇಕಾದದ್ದು ಹಾರೆಯಲ್ಲ. ಅಗೆಯುವುದು ಪುರಾತತ್ವ ಇಲಾಖೆಯ ಅನುಮತಿಯಿಂದ ಆಗಬೇಕಾದ ಕೆಲಸ. ಹೊಲದ ಒಡೆಯನ ಒಪ್ಪಿಗೆ ಪಡೆದು ನಡೆದು ನೋಡಿ ಬರೆದಿಡುವುದು ಊರವರ ಕೈಯಲ್ಲೇ ಇದೆ. ಒಡ್ಡಿಗೆ ಸೇರಿದ ಕೆತ್ತಿದ ಕಲ್ಲು, ಉತ್ತಾಗ ಮೇಲೆದ್ದ ಗಚ್ಚಿನ ಹೆಂಟೆ, ಮಡಕೆ ಚೂರು, ಹೂಳು ತುಂಬಿದ ಬಾವಡಿ, ಯಾವ ಹೊಲಕ್ಕೆ ಯಾವ ಹೆಸರು ಎಂಬ ಅಜ್ಜಂದಿರ ನೆನಪು. ಇವೆಲ್ಲ ಒಂದೇ ನಕ್ಷೆಗೆ ಬಂದರೆ ಓಣಿಗಳ ಜಾಡು ಸಿಕ್ಕೀತು.

ತಡಮಾಡುವಂತಿಲ್ಲ. ಟಿಕೋಟಾ, ಬಬಲೇಶ್ವರ ಸೀಮೆಗೆ ಏತ ನೀರಾವರಿಯ ನೀರು ಬಂದಿದೆ, ದ್ರಾಕ್ಷಿ ತೋಟಗಳು ಹಬ್ಬುತ್ತಿವೆ. ಜೆಸಿಬಿ ಒಮ್ಮೆ ಮಟ್ಟ ಮಾಡಿದ ಹೊಲದಲ್ಲಿ ಹಳೆಯ ಪದರ ಮತ್ತೆ ಸಿಗದು. ರೈತನಿಗೆ ನೀರು ಬೇಡವೆನ್ನಲಾಗದು. ನೆಲ ಮಟ್ಟ ಮಾಡುವ ಮುನ್ನ ಅವನಿಂದಲೇ ಒಂದು ಫೋಟೊ, ಒಂದು ಟಿಪ್ಪಣಿ ಪಡೆಯಬಹುದು. ನವರಸಪುರದ ಹೆಸರಲ್ಲಿ ಉತ್ಸವ ಮಾಡಿದ ಜಿಲ್ಲೆಗೆ ಇದೇನು ದೊಡ್ಡ ಖರ್ಚಿನ ಬಾಬತ್ತಲ್ಲ.