ನಿಮಗಿದು ಗೊತ್ತೇ? ಬೆಂಗಳೂರಿಗೆ ಬಂದು ನಿಂತೇಬಿಟ್ಟ ಚೆಟ್ರಿ

ಫುಟ್‌ಬಾಲಿಗ ಸುನಿಲ್ ಚೆಟ್ರಿ ಆಡುವ ಬೆಂಗಳೂರು ಎಫ್‌ಸಿಗೂ ನಮ್ಮ ತುಂಗಭದ್ರಾ ಡ್ಯಾಂ ಸೀಮೆಗೂ ನಂಟಿದೆ, ಗೊತ್ತೇ? ತಂಡದ ಒಡೆಯರು ಜಿಂದಾಲ್‌ನವರು. ಅವರ ಉಕ್ಕಿನ ಕಾರ್ಖಾನೆ ಇರುವುದು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಹೊಸಪೇಟೆಯಿಂದ ಸುಮಾರು 30 ಕಿ.ಮೀ. ಅಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಮೈದಾನದಲ್ಲಿ ಟೂರ್ನಿಗೆ ಮೊದಲಿನ ತಾಲೀಮನ್ನು ತಂಡ ಹಲವು ಸಲ ನಡೆಸಿದೆ. ಹೆಸರು ಬೆಂಗಳೂರಿನದು, ಬೆವರು ಸುರಿಸಿದ್ದು ಬಳ್ಳಾರಿ ಬಿಸಿಲಲ್ಲಿ!

ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, 1984ರ ಆಗಸ್ಟ್ 3ರಂದು. ತಂದೆ ಸೇನೆಯಲ್ಲಿದ್ದವರು, ಹಾಗಾಗಿ ಒಂದೂರು ಅಂತ ಇರಲಿಲ್ಲ. ಆಟಕ್ಕಿಳಿದ ಮೇಲೂ ಅದೇ ಅಲೆದಾಟ: ಮೋಹನ್ ಬಾಗನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕನ್ಸಾಸ್ ಸಿಟಿ, ಪೋರ್ಚುಗಲ್‌ನ ಸ್ಪೋರ್ಟಿಂಗ್ 'ಬಿ'. ಬೆಂಗಳೂರು ಕ್ಲಬ್ ಹುಟ್ಟಿದ 2013ರಲ್ಲೇ ಇಲ್ಲಿಗೆ ಬಂದರು, ಮೊದಲ ವರ್ಷವೇ ಐ-ಲೀಗ್ ಗೆದ್ದರು. ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ತಂಡ ಇರದ ದಿನಗಳಲ್ಲಿ ಮುಂಬೈಗೆ ಎರವಲು ಹೋಗಿ ಆಡಿದ್ದುಂಟು. 2017ರಲ್ಲಿ ಬೆಂಗಳೂರಿಗೂ ಅಲ್ಲಿ ಜಾಗ ಸಿಕ್ಕಿತು, ಚೆಟ್ರಿ ವಾಪಸ್.

ಇದರಲ್ಲೊಂದು ತಮಾಷೆ ಇದೆ. ಚೆಟ್ರಿ ಹೊರಗಿನಿಂದ ಇಲ್ಲಿಗೆ ಬಂದರೆ, ನಮ್ಮವರು ಹಿಂದಿನಿಂದಲೂ ಕಲ್ಕತ್ತಾದ ದಾರಿ ಹಿಡಿದವರು. ಇಲ್ಲಿ ಆಟ ಇರಲಿಲ್ಲ ಅಂತಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊಟ್ಟಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ (ಲಂಡನ್, 1948) ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಮಾತ್ರ ಈಸ್ಟ್ ಬೆಂಗಾಲ್ ಸೇರಿ ಅಲ್ಲಿ 'ಪಂಚಪಾಂಡವ'ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ಅವರನ್ನು ದೂರುವಂತಿಲ್ಲ, ಫುಟ್‌ಬಾಲಿಗೆ ಪ್ರಾಣ ಬಿಡುವ ಜನ ಇದ್ದದ್ದೇ ಅಲ್ಲಿ. ಇತ್ತ ರಾಜ್ಯ ತಂಡ 1968-69ರ ಬಳಿಕ ಸಂತೋಷ್ ಟ್ರೋಫಿಗಾಗಿ 54 ವರ್ಷ ಕಾಯಿತು. ಕೊನೆಗೆ ಗೆದ್ದದ್ದು 2023ರ ಮಾರ್ಚ್ 4ರಂದು, ದೂರದ ರಿಯಾದ್‌ನಲ್ಲಿ, ಮೇಘಾಲಯದ ಎದುರು 3–2ರಿಂದ.

2023-24ರ ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ 12 ತಂಡಗಳಲ್ಲಿ 10ನೇ ಸ್ಥಾನ. 2024ರ ಜೂನ್ 6ರಂದು ಚೆಟ್ರಿ ಭಾರತ ತಂಡಕ್ಕೆ ವಿದಾಯ ಹೇಳಿದರು, ಬೆಂಗಳೂರಿಗೆ ಹೇಳಲಿಲ್ಲ. ಅದೇ ವರ್ಷದ ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ಎದುರು ಮೂರು ಗೋಲು! ವಯಸ್ಸು ನಲವತ್ತು ದಾಟಿತ್ತು. ಆ ಸಲದ ಒಟ್ಟು ಗೋಲು 14. ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಗೋವಾ ಎರಡು ಗೋಲು ಹೊಡೆದು ಲೆಕ್ಕ ಸರಿಮಾಡಿತ್ತು. 90 ನಿಮಿಷ ಮುಗಿದಿತ್ತು. ಹೆಚ್ಚುವರಿ ಎರಡನೇ ನಿಮಿಷದಲ್ಲಿ ತೂರಿಬಂದ ಚೆಂಡಿಗೆ ಚೆಟ್ರಿ ತಲೆ ಕೊಟ್ಟರು, ತಂಡ ಫೈನಲ್ ತಲುಪಿತು. ಫೈನಲ್ ಸೋತದ್ದು ಕೋಲ್ಕತ್ತದಲ್ಲಿ, ಚೆಟ್ರಿಯ ಹಳೇ ಮನೆ ಮೋಹನ್ ಬಾಗನ್‌ಗೇ.

2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುವುದೇ ಅನುಮಾನವಾದಾಗ ಕ್ಲಬ್ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ನಿಷ್ಠೆಯ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದೇ ತಂಡಕ್ಕೆ ಅಂಟಿಕೊಂಡವರು ಬೇರೆಯವರೂ ಇದ್ದಾರೆ. ರೋಮ್‌ನಲ್ಲೇ ಹುಟ್ಟಿದ ಫುಟ್‌ಬಾಲಿಗ ಟೊಟ್ಟಿ 1993ರಿಂದ 2017ರವರೆಗೆ ರೋಮಾ ಬಿಟ್ಟು ಬೇರೆ ಕ್ಲಬ್‌ಗೆ ಆಡಲಿಲ್ಲ; ಸಿಕ್ಕ ಲೀಗ್ ಪ್ರಶಸ್ತಿ ಒಂದೇ, 2001ರದು. ದೆಹಲಿಯ ಕ್ರಿಕೆಟಿಗ ಕೊಹ್ಲಿ ಆರ್‌ಸಿಬಿಯಲ್ಲಿ 18ನೇ ಯತ್ನದಲ್ಲಿ ಕೊನೆಗೂ ಕಪ್ ಎತ್ತಿದ್ದು ನಿಮಗೆ ಗೊತ್ತೇ ಇದೆ, ಬಿಡಿ.

ಇದು ಗೊತ್ತೇ? 2018ರಲ್ಲಿ ಮುಂಬೈನ ಖಾಲಿ ಗ್ಯಾಲರಿ ನೋಡಿ ಬೇಸತ್ತ ಚೆಟ್ರಿ, ಬೈಯುವುದಿದ್ದರೂ ಮೈದಾನಕ್ಕೇ ಬಂದು ಬೈಯಿರಿ ಎಂದು ವಿಡಿಯೊದಲ್ಲಿ ಅಂಗಲಾಚಿದ್ದರು. ಜೂನ್ 4ರ ಕೆನ್ಯಾ ಪಂದ್ಯಕ್ಕೆ ಟಿಕೆಟ್ ಉಳಿಯಲಿಲ್ಲ. ಅದು ಅವರ 100ನೇ ಅಂತರರಾಷ್ಟ್ರೀಯ ಪಂದ್ಯ, ಎರಡು ಗೋಲು ಹೊಡೆದರು.

ನಮಗೂ ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಮೈದಾನ ದೂರವೇನಲ್ಲ. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಚೆಟ್ರಿ ಬೂಟು ಬಿಚ್ಚಿಡುವ ಮೊದಲು ಒಮ್ಮೆ ಹೋಗಿಬನ್ನಿ.