ಜೇಬಿನಲ್ಲೊಂದು ಚೀಟಿ

ನಮ್ಮ ಭಾವನವರು ಎ.ಆರ್.ಟಿ. ಕೇಂದ್ರಕ್ಕೆ ಹೋಗುವ ಮುನ್ನಾದಿನ ಸಿದ್ಧತೆಯನ್ನೇನೋ ಮಾಡಿಕೊಳ್ಳುತ್ತಿದ್ದರು. ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿಯನ್ನು ಗೂಟಕ್ಕೆ ತಗುಲಿಸಿ, ಕಡೆಗೆ ಮಾತ್ರೆಯ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು ಎಣಿಸುವರು. ಇರಬೇಕಾದುದಕ್ಕಿಂತ ನಾಲ್ಕು ಹೆಚ್ಚಿದ್ದರೆ ನಾಲ್ಕನ್ನೂ, ಆರು ಹೆಚ್ಚಿದ್ದರೆ ಆರನ್ನೂ ಬಚ್ಚಲಿಗೆ ಹಾಕಿ ನೀರು ಬಿಡುವರು. ಕೇಂದ್ರದಲ್ಲಿ ಉಳಿದ ಮಾತ್ರೆ ಎಣಿಸುತ್ತಾರಲ್ಲವೆ? ಲೆಕ್ಕ ಸರಿಹೋಗಬೇಕು!

ಇದು ನಮಗೆ ತಿಳಿದದ್ದು ಕಳೆದ ವರ್ಷ. ಊರು, ಹೆಸರು ಹೇಳದೆ ಬರೆಯಲು ಭಾವನವರೇ ಒಪ್ಪಿಗೆ ಕೊಟ್ಟಿದ್ದಾರೆ. ಅವರು ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತ 11 ವರ್ಷಗಳಾದುವು. ಈ ಸೋಂಕಿಗೆ ನಮ್ಮ ದೇಶದಲ್ಲಿ 2004ರಿಂದ ಸರಕಾರವೇ ಉಚಿತವಾಗಿ ಔಷಧಿ ಕೊಡುತ್ತಿದೆ. ಈಗ ಬಹುಮಂದಿಗೆ ದೊರೆಯುವುದು ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಕೂಡಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ತಪ್ಪದೆ ಸೇವಿಸಿದರೆ ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಸಿಕ್ಕದಷ್ಟು ಇಳಿಯುತ್ತದೆ; ಹಾಗೆ ಇಳಿದು ನಿಂತವರಿಂದ ದಾಂಪತ್ಯದಲ್ಲಿ ಸಂಗಾತಿಗೆ ಸೋಂಕು ಹರಡುವುದಿಲ್ಲ. ಅಕ್ಕನಿಗೆ ಸೋಂಕಿಲ್ಲ. ಆದುದರಿಂದ ವರ್ಷಕ್ಕೊಮ್ಮೆ ಮಾಡಿಸುವ ವೈರಲ್ ಲೋಡ್ ಪರೀಕ್ಷೆಯ ವರದಿ ಆ ಮನೆಯಲ್ಲಿ ಇಬ್ಬರ ವರದಿ. ಕಳೆದ ವರ್ಷ ಅದು 1000ವನ್ನು ದಾಟಿತು.

ಅಕ್ಕ ನನ್ನನ್ನು ಕರೆಸಿದಳು. ಮರುದಿನ ವೈದ್ಯರನ್ನು ಕಾಣಬೇಕಾಗಿತ್ತು. "ಏನು ಹೇಳುತ್ತೀರಿ, ಭಾವ?" ಎಂದೆ. "ಹೇಳುವುದೇನಪ್ಪಾ, ಅವರು ಕೇಳುತ್ತಾರೆ, ನಾನು ಎಲ್ಲಾ ಸರಿಯಾಗಿದೆ ಎನ್ನುತ್ತೇನೆ," ಎಂದರು. ಬಾಗಿಲಾಚೆ ಐವತ್ತು ಮಂದಿ ಕಾದಿರುವಾಗ ವೈದ್ಯರು ತಾನೆ ಎಷ್ಟು ಹೊತ್ತು ಕೇಳಿಯಾರು? ನಾನು ಮೇಷ್ಟರು; ಕಾಗದ ಲೇಖನಿ ತರಿಸಿದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿನಲ್ಲಿ ಬರೆಯತೊಡಗಿದೆವು.

ಮೊದಲ ಅರ್ಧ ಗಂಟೆ ಹಾಳೆ ಖಾಲಿಯಾಗಿಯೇ ಇತ್ತು. ಆಮೇಲೆ ಒಂದೊಂದಾಗಿ ಹೊರಬಂದುವು. ನೆಂಟರ ಮನೆಯ ಮದುವೆ, ಉಪನಯನಗಳಲ್ಲಿ ರಾತ್ರಿ ತಂಗಿದಾಗ ಮಾತ್ರೆ ಬಿಟ್ಟದ್ದುಂಟು, ಡಬ್ಬಿ ಅಲುಗಿದರೆ ಸದ್ದಾಗುತ್ತದೆ, "ಏನದು?" ಎಂದು ಯಾರಾದರೂ ಕೇಳಿಯಾರು! ಬಚ್ಚಲಿನ ವಿಷಯವೂ ಆಗಲೇ ತಿಳಿದದ್ದು. ಹುಳಿತೇಗಿಗೆಂದು ರಾತ್ರಿ ಊಟವಾದ ಮೇಲೆ ಎರಡು ಚಮಚ ಆಂಟಾಸಿಡ್; ಅದರ ಹಿಂದೆಯೇ ಈ ಮಾತ್ರೆ. ಮಂಡಿನೋವಿಗೆ ಅಂಗಡಿಯವನು ಕೊಟ್ಟ ಕ್ಯಾಲ್ಸಿಯಂ. ಸಕ್ಕರೆ ಕಾಯಿಲೆಗೆ ಬೀದಿಯ ಕೊನೆಯ ವೈದ್ಯರು ಬರೆದ ಮೆಟ್ಫಾರ್ಮಿನ್. ಆ ವೈದ್ಯರಿಗೆ ಎಚ್.ಐ.ವಿ. ವಿಷಯ ಹೇಳಿಲ್ಲ, ಎ.ಆರ್.ಟಿ. ಕೇಂದ್ರದವರಿಗೆ ಸಕ್ಕರೆಯ ವಿಷಯ ಹೇಳಿಲ್ಲ.

ಇವೆಲ್ಲ ಚಿಲ್ಲರೆ ಸಂಗತಿಗಳೆಂದು ತೋರುತ್ತವೆ. ಅಲ್ಲವೆಂದು ಮರುದಿನ ವೈದ್ಯರೇ ಬಿಡಿಸಿ ಹೇಳಿದರು. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆಂಟಾಸಿಡ್ಡು ಡೊಲುಟೆಗ್ರಾವಿರನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ಆಂಟಾಸಿಡ್ಡಿಗೆ 2 ಗಂಟೆ ಮೊದಲೋ 6 ಗಂಟೆ ತರುವಾಯವೋ ಈ ಮಾತ್ರೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೂ ಇದೇ ಅಂತರ. ಆದರೆ ಊಟದೊಡನೆ ಎರಡನ್ನೂ ಕೂಡಿಯೇ ನುಂಗಬಹುದು. ಇನ್ನು ಮೆಟ್ಫಾರ್ಮಿನ್: ಡೊಲುಟೆಗ್ರಾವಿರ್ ಜೊತೆಗಿದ್ದರೆ ಅದು ರಕ್ತದಲ್ಲಿ ಹೆಚ್ಚಾಗಿ ನಿಲ್ಲುವುದರಿಂದ ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರಗೊಡುವುದಿಲ್ಲ. ಭಾವನವರು ನುಂಗುತ್ತಿದ್ದುದು 2000. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಸೇರಿದರಂತೂ ಡೊಲುಟೆಗ್ರಾವಿರಿನ ಪ್ರಮಾಣವನ್ನೇ ಇಮ್ಮಡಿಸಬೇಕಾಗುತ್ತದೆ. ಪ್ರತಿ ಭೇಟಿಯಲ್ಲಿಯೂ ಕೆಮ್ಮು, ಜ್ವರ, ತೂಕ ಇಳಿತ, ರಾತ್ರಿ ಬೆವರು ಎಂಬ ನಾಲ್ಕನ್ನು ಕೇಳುವುದು ಕ್ಷಯದ ಸುಳಿವಿಗಾಗಿಯೇ, ಅದು ಕುಶಲಪ್ರಶ್ನೆಯಲ್ಲ.

ಕಾವ್ಯಕ್ಕೆ ಧ್ವನಿಯೇ ಜೀವವೆಂದು ತರಗತಿಯಲ್ಲಿ ಹೇಳುವವನು ನಾನು. ವೈದ್ಯರ ಮುಂದೆ ಮಾತ್ರ ವಾಚ್ಯಾರ್ಥವೇ ಲೇಸು. "ಆಗಾಗ ತಪ್ಪುತ್ತದೆ" ಎಂದು ಭಾವನವರು ಹೇಳಿದ್ದನ್ನು ನಾನು ಹೊಡೆದುಹಾಕಿ, "ಮೂರು ತಿಂಗಳಲ್ಲಿ 14 ದಿನ" ಎಂದು ಬರೆಸಿದೆ. ಬೇರೆ ಔಷಧಿಗಳ ಹೆಸರು ನೆನಪಿಗೆ ಬಾರದಾಗ ಪಟ್ಟಿಗಳನ್ನೂ ಸೀಸೆಯನ್ನೂ ಹಾಗೆಯೇ ಚೀಲಕ್ಕೆ ಹಾಕಿದೆವು.

ಒಂದು ಅಂಜಿಕೆ ಉಳಿದಿತ್ತು: "ಚೀಟಿ ಬೇರೆಯವರ ಕೈಗೆ ಸಿಕ್ಕಿದರೆ?" ನ್ಯಾಯವಾದ ಅಂಜಿಕೆಯೇ. ಒಮ್ಮೆ ಔಷಧಿ ಕೊಡುವ ಕಿಟಕಿಯೊಂದರಲ್ಲಿ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಕೂಗಿದ್ದರು. ಆ ದಿನವನ್ನು ಅವರು ಮರೆತಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ, 2017ರ ಎಚ್.ಐ.ವಿ. ಕಾಯಿದೆಯ ಪ್ರಕಾರ ಚಿಕಿತ್ಸೆ ಕೊಡುವವರು ರೋಗಿಯ ಒಪ್ಪಿಗೆಯಿಲ್ಲದೆ ಈ ವಿಷಯವನ್ನು ಹೊರಗೆಡಹುವಂತಿಲ್ಲ. ಕಾಯಿದೆ ಹೇಳುವ ಕೆಲವು ಸಂದರ್ಭಗಳು ಮಾತ್ರ ಹೊರತು. ಆದರೂ ಚೀಟಿಯ ಮೇಲೆ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ನಾವು ಬರೆಯಲಿಲ್ಲ. ಯಾರು ಓದಿದರೂ ಅದೊಂದು ಮಾತ್ರೆಗಳ ಪಟ್ಟಿ, ಅಷ್ಟೇ. (ಮೊದಲು ಯಾರನ್ನು ಕೇಳಬೇಕೆಂದು ತೋಚದವರು 1097ಕ್ಕೆ ಉಚಿತವಾಗಿ ದೂರವಾಣಿ ಮಾಡಬಹುದು.)

ಬೆಳಿಗ್ಗೆ ಹೊರಡುವಾಗ ಅಕ್ಕ ಹಾಳೆಯನ್ನು ಕೇಳಿ ಪಡೆದು, ಅಡುಗೆಮನೆಗೆ ಹೋಗಿ ಏನೋ ಬರೆದು, ಮಡಿಸಿ ಭಾವನವರ ಜೇಬಿನಲ್ಲಿಟ್ಟಳು.

ವೈದ್ಯರು ಗದರಿಸುವರೆಂದು ನಾವು ಕಾದಿದ್ದೆವು. ಅವರು ಚೀಟಿಯನ್ನು ಎರಡು ಸಲ ಓದಿದರು. "ಇದನ್ನು ಮೊದಲೇ ತರಬಾರದಾಗಿತ್ತೆ?" ಎಂದಷ್ಟೇ ಅಂದರು. ಔಷಧಿಯನ್ನು ಬದಲಿಸಲಿಲ್ಲ. ವೈರಾಣು ಏರಿದ್ದು ಬಿಟ್ಟ ದಿನಗಳಿಂದಲೋ ಆಂಟಾಸಿಡ್ಡಿನಿಂದಲೋ ಈಗ ಹೇಳಲಾಗದು. ಎರಡನ್ನೂ ಸರಿಪಡಿಸಿ, ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸೋಣ ಎಂದರು. ಡಬ್ಬಿಯ ಸದ್ದಿಗೆ ಅವರ ಉಪಾಯ ಬಹಳ ಸುಲಭವಾದುದು: ಪ್ರಯಾಣದ ದಿನಗಳಿಗೆ ಬೇಕಾದಷ್ಟನ್ನೇ ಸಣ್ಣ ಡಬ್ಬಿಗೆ ಹಾಕಿ, ಒಳಗೊಂದು ಹತ್ತಿಯ ತುಂಡು ತುರುಕುವುದು. ಮೂರು ತಿಂಗಳ ತರುವಾಯ ಬಂದ ವರದಿಯಲ್ಲಿ ವೈರಾಣು ಪತ್ತೆಯಾಗಲಿಲ್ಲ.

ಆದರೆ ಆ ದಿನ ಚೀಟಿಯ ಕೊನೆಯ ಸಾಲಿನ ಬಳಿ ವೈದ್ಯರ ಬೆರಳು ನಿಂತಿತು. ಅದು ಅಕ್ಕನ ಕೈಬರಹ: "ಆರು ತಿಂಗಳಿಂದ ರಾತ್ರಿ ನಿದ್ದೆಯಿಲ್ಲ. ನನ್ನೊಡನೆಯೂ ಮಾತಿಲ್ಲ." ಭಾವನವರು ತಲೆ ತಗ್ಗಿಸಿದರು. ವೈದ್ಯರು ಎದ್ದು, ತಾವೇ ಅವರನ್ನು ಪಕ್ಕದ ಕೋಣೆಯ ಆಪ್ತಸಮಾಲೋಚಕಿಯ ಬಳಿಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ನಾನು ಹೊರಗಿನ ಬೆಂಚಿನ ಮೇಲೆ ಸೀಸೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಕುಳಿತಿದ್ದೆ.